ಲಂಗರು ಬಿಟ್ಟು ಹೋದವನು

ಸಮುದ್ರವನ್ನು ಆಗಿನ್ನೂ ನಾನು ಕಂಡಿರಲಿಲ್ಲ. ಹಾರೋಹಳ್ಳಿಯ ಬಾಡಿಗೆ ಕೋಣೆಯಲ್ಲಿ, ಚಾಪೆಗೂ ಸೀಮೆಎಣ್ಣೆ ಸ್ಟೌವಿಗೂ ನಡುವೆ ಉಳಿದ ನೆಲದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಹಾಗೆ ಮನೆ ಹಾಕಿ ಬರೆದುಕೊಂಡ ಸಮುದ್ರವೊಂದೇ ನನಗೆ ಗೊತ್ತಿದ್ದದ್ದು. ಅದರ ಮೇಲೆ ಒಂದು ಹಡಗು.

ಕೋಣೆಯ ಜೊತೆಗಾರ ಚನ್ನಪಟ್ಟಣದವನು. ಅವನಿಗೆ ರಾತ್ರಿ ಪಾಳಿ, ನನಗೆ ಹಗಲು ಪಾಳಿ, ಕಾರ್ಖಾನೆಗಳೂ ಬೇರೆ. ರಜೆ ಬಂದರೆ ಅವನು ಅವನೂರಿಗೆ, ನಾನು ಕೋಡಿಹಳ್ಳಿಗೆ. ಊರಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ, ಕೆಲಸ ಪರ್ಮನೆಂಟ್ ಆಯಿತೇ ಎಂದು. ನಾನು ಹೇಗಿದ್ದೇನೆಂದು ಯಾರೂ ಕೇಳುತ್ತಿರಲಿಲ್ಲ.

ಜೊತೆಗಾರನ ಸೋದರಮಾವನ ಬೊಂಬೆ ಕಾರ್ಖಾನೆಗೆ ಹೊರದೇಶದಿಂದ ಒಂದು ವಿಚಿತ್ರ ಆರ್ಡರ್ ಬಂದಿತ್ತಂತೆ. ಅಲ್ಲಿನ ಜನ ಮೇಜಿನ ಸುತ್ತ ಕೂತು, ತಾವೇ ನಾವಿಕರೆಂದುಕೊಂಡು ಕಥೆ ಕಟ್ಟುತ್ತಾ ಆಡುವ ಆಟವಂತೆ. ಅದಕ್ಕೆ ಬೇಕಾದ ಪುಟ್ಟ ಹಡಗು, ದೀಪ, ಶಂಖ, ಲಂಗರು ಎಂಬ ಮಾಯದ ಸಾಮಾನುಗಳ ಆರ್ಡರ್ ಅದು. ಅರಗಿನ ಬಣ್ಣ ಕೆಟ್ಟು ಪಕ್ಕಕ್ಕೆ ಎಸೆದ ಕೆಲವನ್ನು ಇವನು ಜೇಬಿಗೆ ಹಾಕಿಕೊಂಡು ಬಂದ. ಆಯುಧಪೂಜೆಗೆ ನಮ್ಮ ಎರಡೂ ಕಾರ್ಖಾನೆಗೆ ರಜೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಇಬ್ಬರೂ ಕೋಣೆಯಲ್ಲೇ ಉಳಿದೆವು. ಅಂದೇ ನಿಯಮ ಮಾಡಿದ್ದು. ಕವಡೆ ಹಾಕಿ ಹಡಗು ನಡೆಸಬೇಕು. ದೀಪ ಇಟ್ಟರೆ ಮಂಜು ಕರಗುತ್ತದೆ. ಶಂಖ ಇಟ್ಟರೆ ಗಾಳಿ ಏಳುತ್ತದೆ. ಲಂಗರು ಬಿಟ್ಟರೆ ಯಾವ ಬಿರುಗಾಳಿಗೂ ಹಡಗು ಅಲ್ಲಾಡುವುದಿಲ್ಲ. ಆದರೆ ಬಿಟ್ಟವನ ಕೈಯೇ ಅದನ್ನು ಎತ್ತಬೇಕು.

ಆಮೇಲೆ ಎದುರುಬದುರು ಕೂತು ಆಡಿದ್ದೇ ಇಲ್ಲ. ನಾನು ಕೆಲಸಕ್ಕೆ ಹೊರಡುವ ಮುಂಚೆ ಒಂದು ನಡೆ ನಡೆಸಿ ಹೋಗುತ್ತಿದ್ದೆ, ಅವನು ನಿದ್ದೆಯಿಂದ ಎದ್ದು ಇನ್ನೊಂದು. ಕವಡೆ ಎಷ್ಟು ಬಿತ್ತೆಂದು ನೋಡುವವರು ಯಾರು? ಆ ಪುಣ್ಯಾತ್ಮ ಮೋಸ ಮಾಡುತ್ತಿದ್ದನೇನೋ, ಮಾಡಲಿ. ಬೇಕೆಂದೇ ಹಡಗನ್ನು ಬಂಡೆಯ ಬಾಯಿಗೆ ತಂದು ನಿಲ್ಲಿಸುತ್ತಿದ್ದ. ನಾನು ಅವನ ದಾರಿಗೆ ರಾಕ್ಷಸ ಮೀನು ಬರೆದಿಡುತ್ತಿದ್ದೆ. ಬೆಳಿಗ್ಗೆ ಅವನು ಕಂಪನಿ ಬಸ್ಸಿನಿಂದ ಇಳಿಯುವಾಗ ನಾನು ನನ್ನ ಬಸ್ಸು ಹತ್ತುತ್ತಿದ್ದೆ.

"ಲೇ, ಮೀನು ಐತೆ, ಒಸಿ ನೋಡ್ಕಂಡು ಹೋಗ್ಲಾ!" ಎಂದು ನಾನು ಕೂಗಿದರೆ,

"ಶಂಖ ಊದ್ಬುಟ್ಟು ಬತ್ತೀನಿ ತಗಳ್ಲಾ!" ಎನ್ನುತ್ತಿದ್ದ.

ಬಸ್ಸಿನವರು ನಮ್ಮಿಬ್ಬರಿಗೂ ತಲೆ ಕೆಟ್ಟಿದೆಯೆಂಬಂತೆ ನೋಡುತ್ತಿದ್ದರು. ದಿನವಿಡೀ ಮೆಷಿನ್ ಮುಂದೆ ನಿಂತು, ಸಂಜೆ ಬಾಗಿಲು ತೆಗೆದಾಗ ಹಡಗು ಬೆಳಿಗ್ಗೆ ಇದ್ದ ಜಾಗದಲ್ಲಿ ಇಲ್ಲದಿರುವುದನ್ನು ಕಂಡರೆ, ಯಾರೋ ನನ್ನನ್ನು ನೆನೆದಿದ್ದಾರೆ ಎನಿಸಿ ಹೊಟ್ಟೆ ತುಂಬುತ್ತಿತ್ತು.

ಒಂದು ಸಂಜೆ ಬಂದಾಗ ಲಂಗರು ಇಳಿದಿತ್ತು. ಅವನು ಅದನ್ನು ಬಿಟ್ಟದ್ದು ಅದೇ ಮೊದಲು. ಗೋಡೆ ಬದಿಯ ಅವನ ಟ್ರಂಕು ಇರಲಿಲ್ಲ.

"ಬಿಡದೀಲಿ ಕೆಲ್ಸ ಸಿಕ್ತಂತೆ ಕಣಪ್ಪ. ಇವತ್ತೇ ಬಾ ಅಂದ್ರಂತೆ, ಹೊಂಟೋದ," ಎಂದರು ಮನೆಯ ಯಜಮಾನಿ.

ಸಿಟ್ಟು ಬಂತು. ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ. ಬರದೇ ಇರುವವನು ಲಂಗರು ಬಿಟ್ಟು ಹೋಗುತ್ತಾನೆಯೇ? ಎತ್ತಲು ಬರಲೇಬೇಕು. ಯಜಮಾನಿ ಹೊಸ ಬಾಡಿಗೆಯವನ ಮಾತೆತ್ತಿದಾಗಲೆಲ್ಲ, "ನಮ್ಮೋನು ಬತ್ತಾನೆ ಕಣಮ್ಮ," ಎಂದೆ. ನೆಲ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸುತ್ತಿದ್ದೆ. ಅಳಿಸಿಹೋದ ಗೆರೆಗಳನ್ನು ಮತ್ತೆ ತಿದ್ದುತ್ತಿದ್ದೆ. ಅವನು ಬಂದಾಗ ಬೀಗ ಕಂಡು ವಾಪಸ್ಸು ಹೋದಾನೆಂದು ರಜೆಗೂ ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ವರ್ಷ ಕಳೆದ ಮೇಲೆ ಒಂದು ಭಾನುವಾರ ಬಂದ, ತನ್ನ ಮದುವೆಯ ಕಾಗದ ಹಿಡಿದುಕೊಂಡು. ಬಿಡದಿಯ ಕ್ಯಾಂಟೀನು, ಹೊಸ ಬೈಕು, ಹುಡುಗಿಯ ಕಡೆಯವರು ಎಂದೆಲ್ಲ ಮಾತಾಡುತ್ತಾ ನೆಲದ ಮೇಲೆ ಕೂತ. ಮಾತಿನ ನಡುವೆ ಅವನ ಕೈ ತಾನಾಗಿಯೇ ಲಂಗರನ್ನು ಎತ್ತಿಕೊಂಡು ಬುಗುರಿಯ ಹಾಗೆ ತಿರುಗಿಸತೊಡಗಿತು.

"ಇದ್ನ ಇನ್ನೂ ಮಡೀಕಂಡಿದ್ದೀಯೇನ್ಲಾ?"

"ನೀನು ಬುಟ್ಟಿದ್ದಲ್ವೇನ್ಲಾ? ನೀನೇ ಎತ್ಬೇಕಿತ್ತು."

"ಹಂಗೊಂದು ರೂಲ್ಸ್ ಬೇರೆ ಇತ್ತಾ?" ಎಂದು ನಕ್ಕ. "ಸರಿ ಕಣ್ಲಾ, ಈಗ ಎತ್ತಿದ್ದಾಯ್ತಲ್ಲ."

ಲಂಗರನ್ನು ದೀಪದ ಪಕ್ಕ ಇಟ್ಟು, ಇನ್ನೂ ನಾಲ್ಕು ಮನೆಗೆ ಕಾಗದ ಕೊಡಬೇಕೆಂದು ಎದ್ದು ಹೊರಟ.

ಬೈಕಿನ ಸದ್ದು ಅಡಗಿದ ಮೇಲೆ ಕವಡೆ ಹಾಕಿದೆ. ಎರಡು ಬಿತ್ತು. ಹಡಗನ್ನು ಎರಡು ಮನೆ ನಡೆಸಿದೆ.

ಮಾರನೆಯ ಸಂಜೆ ಬಾಗಿಲು ತೆಗೆದಾಗ ಅದು ನಾನು ಬಿಟ್ಟಲ್ಲೇ ಇತ್ತು. ಕಾಯಲು ಈಗ ಲಂಗರಿನ ನೆಪವೂ ಇರಲಿಲ್ಲ.