‘ಡೂ ದಿ ನೀಡ್‌ಫುಲ್’ ಎಂದರೆ ಯಾರು, ಏನು ಮಾಡಬೇಕು?

ಕೋವಿಡ್ ಮುಗಿದು ಕಾರ್ಖಾನೆಗಳು ಪೂರ್ಣ ಶಿಫ್ಟಿಗೆ ಮರಳಿದ ವರ್ಷ, ಕಡಕೊಳದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಬಿಸಿನೆಸ್ ಇಂಗ್ಲಿಷ್ ತರಬೇತುದಾರಳಾಗಿದ್ದೆ. ಪ್ರತಿ ಬುಧವಾರ ಕ್ಯಾಂಟೀನ್ ಪಕ್ಕದ ಕೋಣೆಯಲ್ಲಿ ಪಾಠ. ಸೂಪರ್‌ವೈಸರುಗಳು ತಾವೇ ಕಳಿಸಿದ ಇಮೇಲಿನ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆಯಬೇಕು, ಎಲ್ಲರೂ ಸೇರಿ ತಿದ್ದಬೇಕು. ‘ರಿವರ್ಟ್ ಬ್ಯಾಕ್’ ಬೇಡ, ‘ರಿಪ್ಲೈ’ ಸಾಕು. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ದಂಡ. ಕಾಲೇಜು ಮುಗಿಸಿದ್ದನ್ನು ‘ಪಾಸ್ಡ್ ಔಟ್’ ಎಂದರೆ ಹೊರದೇಶದ ಗ್ರಾಹಕರು ನೀವು ಮೂರ್ಛೆ ಹೋದಿರೆಂದು ತಿಳಿಯುತ್ತಾರೆ, ‘ಗ್ರಾಜುಯೇಟೆಡ್’ ಎನ್ನಿ. ಹೀಗೆ.

ಒಂದು ಬುಧವಾರ ತರಬೇತಿ ಹೇಗೆ ನಡೆಯುತ್ತಿದೆ ಎಂದು ನೋಡಲು ಪ್ಲಾಂಟ್ ಮ್ಯಾನೇಜರ್ ಬಂದು ಹಿಂದಿನ ಸಾಲಿನಲ್ಲಿ ಕೂತರು. ಲೋಹದ ತಗಡು ಒತ್ತುವ ಪ್ರೆಸ್ ವಿಭಾಗದ ಸೂಪರ್‌ವೈಸರ್ ನಾಗೇಂದ್ರ ಬೋರ್ಡಿನ ಮೇಲೆ ಬರೆದದ್ದು: ‘ಪ್ರೆಸ್ ತ್ರೀ ಇಶ್ಯೂ, ಕೈಂಡ್ಲಿ ಡೂ ದಿ ನೀಡ್‌ಫುಲ್.’ ನೀಡ್‌ಫುಲ್ ಅಂದರೆ ಏನು ಮಾಡಬೇಕು ಎಂದು ಕೇಳಿದೆ.

“ಅದ್ರಲ್ಲಿ ಎಲ್ಲಾ ಬಂತಲ್ಲ ಮೇಡಂ,” ಎಂದ. ಕೋಣೆ ನಕ್ಕಿತು. ನಾನು ಬಿಡಲಿಲ್ಲ.

“ಗಾರ್ಡು ಲೂಸಾಗದೆ. ಕೈ ಹೋಗ್ಬುಡ್ತದೆ. ಮಿಷಿನ್ ನಿಲ್ಸಿ, ಸರಿ ಮಾಡ್ಸಿ ಅಂತ.”

ಅದನ್ನೇ ಬರೆಯಿರಿ ಎಂದೆ. ಅವನು ಆಗದೆಂದು ತಲೆಯಾಡಿಸಿದ. “ಮೇಲಿನೋರಿಗೆ ಅಂಗೆ ಬರದ್ರೆ ಆರ್ಡರ್ ಮಾಡ್ದಂಗಾಗ್ತದೆ. ನೀಡ್‌ಫುಲ್ ಅಂದ್ರೆ ಮರ್ಯಾದೆ ಕಣ್ರೀ.” ಈ ಮಾತಿಗೆ ಮ್ಯಾನೇಜರೂ ನಕ್ಕರು. ಗಾರ್ಡ್ ಎಂದರೆ ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿ.

ಅದನ್ನು ಯಾರೂ ಸರಿ ಮಾಡಿಸಲಿಲ್ಲ; ಮುಂದಿನ ವಾರ ಆ ಜಾಲರಿ ಕಳಚಿ ಬಿತ್ತು. ಉದಯಗಿರಿಯ ಜಬೀನಾ ಎಂಬ ಆಪರೇಟರ್ ಬಲಗೈಯ ಎರಡು ಬೆರಳು ಕಳೆದುಕೊಂಡಳು. ಕೆಲಸ ಬೇಗ ಮುಗಿಸಲು ಅವಳೇ ಗಾರ್ಡ್ ಬಿಚ್ಚಿದಳೆಂದು ಸುದ್ದಿ ಹಬ್ಬಿತು. ಕಂಪನಿ ನಡೆಸುವ ವಿಚಾರಣೆಯಲ್ಲಿ ಹಾಗೆಂದು ತೀರ್ಮಾನವಾದರೆ ಅವಳ ಕೆಲಸ ಹೋಗುತ್ತಿತ್ತು. ನಾನು ನೋಡಲು ಆಸ್ಪತ್ರೆಗೆ ಹೋದಾಗ ಅವಳು ಅಳಲಿಲ್ಲ. “ಅದ್ನ ಬಿಚ್ಚೋಕೆ ಸ್ಪ್ಯಾನರ್ ಬೇಕು ಮೇಡಂ. ಸ್ಪ್ಯಾನರ್ ನಮ್ ಕೈಗೆ ಯಾವತ್ತು ಕೊಟ್ಟವ್ರೆ?”

ಎರಡು ದಿನದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು, ವಿಚಾರಣೆಗೆ ಸಲ್ಲಿಸುವ ಟಿಪ್ಪಣಿಯ ಇಂಗ್ಲಿಷನ್ನು ಸ್ವಲ್ಪ ಪಾಲಿಶ್ ಮಾಡಿಕೊಡಿ ಎಂದರು. ಆಪರೇಟರ್‌ನ ನಿರ್ಲಕ್ಷ್ಯವೇ ಕಾರಣ, ಗಾರ್ಡ್ ಬಗ್ಗೆ ಯಾವ ದೂರೂ ಬಂದಿರಲಿಲ್ಲ ಎಂದು ಅದರಲ್ಲಿತ್ತು. ಆ ಪಾಠದ ದಿನ ನೀವೂ ಇದ್ದಿರಲ್ಲ ಎಂದು ನೆನಪಿಸಿದೆ.

“ಅದು ಪಾಠ ಮೇಡಂ, ಕಂಪ್ಲೇಂಟ್ ಅಲ್ಲ. ಮೇಲ್‌ನಲ್ಲಿ ಗಾರ್ಡ್ ಅಂತ ಎಲ್ಲಿದೆ? ನಿಮ್ ಕೆಲಸ ಇಂಗ್ಲಿಷ್ ಅಷ್ಟೇ ಅಲ್ವಾ?”

“ಇಂಗ್ಲಿಷ್ ಸರಿಯಾಗೇ ಇದೆ ಸಾರ್. ವಿಷಯ ಸುಳ್ಳು,” ಎಂದು ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ವಿಚಾರಣೆ ನಡೆಸಲು ಹೊರಗಿನಿಂದ ಒಬ್ಬ ನಿವೃತ್ತ ಅಧಿಕಾರಿ ಬಂದಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಅನುಮತಿ ಕೇಳಿ ಒಳಗೆ ಹೋದೆ. ಆ ಬುಧವಾರ ಪಾಠದಲ್ಲಿ ಕೇಳಿದ್ದನ್ನು, ಕೇಳಿದ ಕ್ರಮದಲ್ಲಿ, ಒಂದು ಮಾತೂ ಸೇರಿಸದೆ ಹೇಳಿದೆ. ಅಧಿಕಾರಿ ಅಲ್ಲೇ ಇದ್ದ ನಾಗೇಂದ್ರನತ್ತ ತಿರುಗಿ, ಇದು ನಿಜವೇ ಎಂದು ಕೇಳಿದರು. ಅವನ ಕೆಲಸವೂ ಅದೇ ಮ್ಯಾನೇಜರ್ ಕೈಯಲ್ಲಿತ್ತು.

“ನಿಜ ಸಾರ್,” ಎಂದ ಅವನು. “ಕೈ ಹೋಗ್ಬುಡ್ತದೆ ಅಂತ್ಲೇ ಅಂದಿದ್ದೆ. ಸಾಹೇಬ್ರು ಹಿಂದೇನೇ ಕೂತಿದ್ರು.”

ತಪ್ಪು ಜಬೀನಾಳದಲ್ಲ ಎಂದು ತೀರ್ಮಾನವಾಯಿತು. ಈಗ ಅವಳು ಅಲ್ಲೇ ತಪಾಸಣಾ ವಿಭಾಗದಲ್ಲಿದ್ದಾಳೆ. ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕಾರಣ ಕೇಳಿದೆ, ಯಾರೂ ಹೇಳಲಿಲ್ಲ.

ವಾಕ್ಯ ತಿದ್ದುವವಳು ಅದರೊಳಗಿನ ಸುಳ್ಳಿಗೂ ಪಾಲುದಾರಳು ಎಂಬುದು ನನಗೆ ಮ್ಯಾನೇಜರ್ ಮೇಜಿನ ಮುಂದೆ ತಿಳಿಯಿತು. ಹೊಸ ಕಂಪನಿ ಕರೆದಾಗಲೆಲ್ಲ ಮೊದಲೇ ಹೇಳಿಬಿಡುತ್ತೇನೆ: ಅಪಘಾತದ ವರದಿ ನನ್ನ ಬಳಿ ತಂದರೆ ಪಾಲಿಶ್ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ಕೆಲವರು ಆಮೇಲೆ ಫೋನ್ ಮಾಡುವುದಿಲ್ಲ. ಮಾಡದಿರಲಿ.