ಖಾಲಿ ಕುರ್ಚಿಯ ಮೊದಲ ಬ್ಯಾಂಜೊ

ಸತ್ತವರು ಬಂದುಹೋದರು ಎಂದು ಯಾರಾದರೂ ಹೇಳಿದರೆ ಅವರ ಎದುರಿಗೇ ನಗುತ್ತಿದ್ದವಳು ನಾನು. ಈಗ ನೀವು ನನ್ನನ್ನು ನೋಡಿ ನಗಬಹುದು. ನಗಿ, ನನಗೇನೂ ಬೇಸರವಿಲ್ಲ.

ಕಾಮತ್ ಮಾಮ್ ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಮಂಗಳೂರಿನ ಕೊಂಕಣಿಯವರು; ಮಾಮ್ ಅಂದರೆ ಅವರಲ್ಲಿ ಮಾವ. ರಿಟೈರಾದ ಮೇಲೆ ಬ್ಯಾಂಜೊ ಹಿಡಿದರು, ನನ್ನ ಕೈಗೂ ಒಂದನ್ನು ಕೊಟ್ಟರು. ಊರಿನ ಕೀಲಿಮಣೆಯ ಬ್ಯಾಂಜೊ ಅಲ್ಲ, ಚರ್ಮ ಬಿಗಿದ, ಐದು ತಂತಿಯ ಅಮೆರಿಕದ ಬ್ಯಾಂಜೊ. ಅದಕ್ಕೆಂದೇ ಬರೆದ ಹಳೆಯ ಕಾಲದ ಜೋಡಿ ವಾದನಗಳಿವೆ. ರಾಗವೆಲ್ಲ ಮೊದಲ ಬ್ಯಾಂಜೊದ್ದು, ಎರಡನೆಯದು ಬರೀ ಆಸರೆಗೆ. ಆರು ವರ್ಷ, ಪ್ರತಿ ಭಾನುವಾರ, ಅವರ ಗ್ಯಾರೇಜಿನಲ್ಲಿ ಮೊದಲನೆಯದು ಅವರದು, ಎರಡನೆಯದು ನನ್ನದು.

ನಮ್ಮ ಮೆಚ್ಚಿನ ವಾದನದ ಮೂರನೇ ಸಾಲಿನಲ್ಲಿ ಸರಸರನೆ ಮೇಲೇರುವ ಸ್ವರಗಳಿದ್ದವು. ಅಲ್ಲಿ ಮಾಮ್ ಎಡವುತ್ತಿದ್ದರು. ಪ್ರತಿ ಸಲವೂ. "ಇವತ್ತೂ ತಪ್ಪಿತಾ?" ಎಂದು ಅವರ ಹೆಂಡತಿ, ನಾನು ಮಾಯಿ ಎಂದು ಕರೆಯುವವರು, ಅಡುಗೆಮನೆಯಿಂದಲೇ ಕೇಳುತ್ತಿದ್ದರು. ಆ ವಾದನವನ್ನು ಬೇರೆ ಯಾರೂ ನುಡಿಸಿದ್ದನ್ನು ನಾವು ಕೇಳಿರಲಿಲ್ಲ. ಇದ್ದದ್ದು ಸ್ವರಲಿಪಿಯ ಒಂದು ಮಾಸಿದ ಜೆರಾಕ್ಸ್ ಪ್ರತಿ ಮಾತ್ರ.

ಕೆಲವು ವರ್ಷಗಳ ಹಿಂದೆ ಮಾಮ್ ತೀರಿಕೊಂಡರು. ಅವರ ನೆನಪಿಗೆಂದು ಎಲ್ಲರೂ ಸೇರಿದ ಮಧ್ಯಾಹ್ನ, ನಾನು ಎರಡನೆಯದನ್ನಷ್ಟೇ ನುಡಿಸುತ್ತೇನೆ, ಪಕ್ಕದಲ್ಲಿ ಅವರ ಕುರ್ಚಿ ಇರಲಿ ಎಂದೆ.

"ರಾಗಾನೇ ಇಲ್ದೆ ಬರೀ ಟಕ್ ಟಕ್ ಅಂತ ಎಷ್ಟೊತ್ತು ಕೇಳ್ಬೇಕು ಜನ? ಫಸ್ಟ್ ಪಾರ್ಟು ನೀನೇ ನುಡ್ಸು" ಎಂದರು ನನ್ನ ಗಂಡ.

"ಅದು ಮಾಮ್‌ದು. ಅವರ ಜಾಗದಲ್ಲಿ ನಾನೂ ಕೂರಲ್ಲ, ಬೇರೆಯವರನ್ನೂ ಕೂರ್ಸಲ್ಲ" ಎಂದೆ.

ಎರಡು ಸಾಲು ಮುಗಿಯುವಷ್ಟರಲ್ಲಿ ಜನ ಫೋನು ನೋಡತೊಡಗಿದರು. ನಾಚಿಕೆಯಾಯಿತು, ಸಿಟ್ಟೂ ಬಂತು. ಇನ್ನಷ್ಟು ಗಟ್ಟಿಯಾಗಿ ಮೀಟಿದೆ. ಮೂರನೇ ಸಾಲಿಗೆ ಬಂದಾಗ ಖಾಲಿ ಕುರ್ಚಿಯ ಕಡೆಯಿಂದ ಮೊದಲ ಬ್ಯಾಂಜೊ ಕೇಳಿಸಿತು. ಆ ಸ್ವರಗಳು ಒಂದೂ ತಪ್ಪದೆ ಮೇಲೇರಿದವು. ಸಾಲು ಮುಗಿದದ್ದೇ ನಿಂತುಹೋಯಿತು. ನಾನು ಕೈ ನಿಲ್ಲಿಸಲಿಲ್ಲ.

ಯಾರಿಗೂ ಹೇಳಲಿಲ್ಲ. ಕಾಫಿಯ ಹೊತ್ತಿಗೆ ಮಾಯಿ ತಾವಾಗಿಯೇ ಬಂದು ನನ್ನ ಕೈ ಹಿಡಿದು, "ಇವತ್ತು ಅವರಿಗೆ ಅಲ್ಲಿ ತಪ್ಪಲೇ ಇಲ್ಲ ಅಲ್ವಾ ಮಾರಾಯ್ತಿ" ಎಂದರು.

ಗಂಡನ ಫೋನಿನ ರೆಕಾರ್ಡಿಂಗಿನಲ್ಲಿ ನನ್ನ ಟಕ್ ಟಕ್ ಬಿಟ್ಟರೆ ಬೇರೇನೂ ಇಲ್ಲ. ದುಃಖದಲ್ಲಿ ನೆನಪು ಹಾಗೆಲ್ಲ ಆಟವಾಡಿಸುತ್ತದೆ ಎನ್ನುತ್ತಾರೆ ಅವರು. ನೆನಪೇ ಆಗಿದ್ದರೆ ತಪ್ಪಿನ ಸಮೇತ ಕೇಳಿಸಬೇಕಿತ್ತಲ್ಲ? ಆ ಸಾಲನ್ನು ಸರಿಯಾಗಿ ಮಾಯಿಯೂ ನಾನೂ ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ.

ಮೊದಲ ಭಾಗವನ್ನು ನಾನು ಇವತ್ತಿಗೂ ಕಲಿತಿಲ್ಲ. ಕಲಿಯುವುದೂ ಇಲ್ಲ.