ಬೀಗ ಬಿದ್ದ ಅಂಗಡಿಯ ಬಸ್ತಾ

ನನ್ನ ಮದುವೆ ಗೊತ್ತಾದಾಗ ನಾನು ಹಾಕಿದ ಕರಾರು ಒಂದೇ: ಬಟ್ಟೆ ಖರೀದಿಯ ಬಸ್ತಾ ನಿಪ್ಪಾಣಿಯ ಆ ಹಳೆಯ ಮಾರ್ಕೆಟ್ಟಿನಲ್ಲೇ ಆಗಬೇಕು, ಅದೂ ಬಾಗಿಲ ಪಕ್ಕದ ದೊಡ್ಡ ಬಟ್ಟೆ ಅಂಗಡಿಯಲ್ಲಿ. ನನ್ನ ಮಾವನಾಗಲಿದ್ದವರು ನನ್ನ ಮುಖವನ್ನೇ ನೋಡಿದರು.

"ಅಲ್ಲಿಗಿ ಈಗ ಯಾರ್ ಹೋಗ್ತಾರವ್ವಾ? ಎಲ್ಲಾರೂ ಬಸ್ ಸ್ಟ್ಯಾಂಡ್ ಕಡೆ ಹೊಸ ಅಂಗಡಿಗಿ ಹೊಂಟಾರ."

ನನಗೆ ಬೇಕಾಗಿದ್ದದ್ದು ಸೀರೆಯಲ್ಲ, ಸೇಡು. ಅದನ್ನು ಬೀಗರ ಮುಂದೆ ಹೇಳಲಾದೀತೆ? ಕೊನೆಗೆ, ನಾನೂ ಅವ್ವನೂ ಮುಂಜಾನೆಯೇ ಹೋಗಿ ಅಂಗಡಿ ನೋಡುವುದು, ಉಳಿದವರು ಮಧ್ಯಾಹ್ನದ ಬಸ್ಸಿಗೆ ಬಂದು ಕೂಡಿಕೊಳ್ಳುವುದು ಎಂದಾಯಿತು.

ಸೇಡಿನ ಬೀಜ ಬಿದ್ದದ್ದು ಎಂಬತ್ತರ ದಶಕದಲ್ಲಿ, ಅಕ್ಕನ ಮದುವೆಗೆ. ಆಗ ನಾನಿನ್ನೂ ನಮ್ಮೂರು ಅಂಕಲಿಯ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಅವ್ವ ಬೇರೆಯವರ ಕಬ್ಬಿನ ಹೊಲದಲ್ಲಿ ದುಡಿಯುವವರು. ನಮ್ಮ ಕಡೆ ಮದುವೆಯ ಬಟ್ಟೆ ಖರೀದಿಗೆ ಬಸ್ತಾ ಎನ್ನುತ್ತಾರೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಕೂಡಿಯೇ ಹೋಗಬೇಕು. ಮದುಮಗಳ ಸೀರೆ ಎಲ್ಲರಿಗೂ ಒಪ್ಪಿಗೆಯಾದ ಮೇಲೆ, ಅಂಗಡಿಯಲ್ಲೇ ಅದರ ಅಂಚಿಗೆ ಅವಳ ತಾಯಿ ಅರಿಷಿಣ ಕುಂಕುಮ ಹಚ್ಚುತ್ತಾಳೆ. ಕುಂಕುಮ ಬಿದ್ದ ಸೀರೆ ಮತ್ತೆ ಕಪಾಟು ಸೇರುವುದಿಲ್ಲ. ಅದಕ್ಕಿಂತ ಚೆಂದದ್ದು ಕಣ್ಣಿಗೆ ಬಿದ್ದರೂ ಬದಲಿಸುವಂತಿಲ್ಲ.

ಆ ಮಾರ್ಕೆಟ್ಟು ಆಗ ಹೊಸದು. ಎರಡು ಅಂತಸ್ತು, ಒಂದು ತುದಿಗೆ ಬಟ್ಟೆ ಅಂಗಡಿ, ಇನ್ನೊಂದು ತುದಿಗೆ ಪಾತ್ರೆ ಅಂಗಡಿ, ನಡುವೆ ಬಳೆ, ದರ್ಜಿ, ಫೋಟೋ ಸ್ಟುಡಿಯೋ. ಹಳ್ಳಿಗಳಿಂದ ಮಂದಿ ಬರುತ್ತಿದ್ದದ್ದು ಆ ಎರಡು ದೊಡ್ಡ ಅಂಗಡಿಗಾಗಿ. ನಡುವಿನವರು ಬದುಕುತ್ತಿದ್ದದ್ದು ಹಾಗೆ ಬಂದವರ ಮೇಲೆ. ಅಕ್ಕನ ಬಸ್ತಾದ ದಿನ ಆ ಬಟ್ಟೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಬಿಳಿ ಹಾಸಿನ ಗಾದಿಯ ಮೇಲೆ ನಾವು ಕುಂತೆವು. ಒಂದು ಹಸಿರು ಸೀರೆ, ಕೆಂಪು ಅಂಚು, ಅಂಚಿಗೆ ಜರಿ. ಅದನ್ನು ಅಕ್ಕನ ಹೆಗಲ ಮೇಲೆ ಹಾಕಿದಾಗ ಗಂಡಿನ ಕಡೆಯ ಹೆಂಗಸರೂ ಒಪ್ಪಿದರು. ಅವ್ವ ಕುಂಕುಮ ಹಚ್ಚಿದಳು.

ಅಷ್ಟರಲ್ಲಿ ಒಬ್ಬ ದೊಡ್ಡ ಜಮೀನುದಾರರ ಮನೆಯವರು ಬಂದರು. "ಬರ್ರಿ ಧಣ್ಯಾರ, ಬರ್ರಿ" ಎನ್ನುತ್ತ ಅಂಗಡಿಯ ಸಾವುಕಾರ ಎದ್ದು ನಿಂತ. ಅವರ ಮನೆಯ ಹೆಂಗಸಿನ ಕಣ್ಣು ಅಕ್ಕನ ಹೆಗಲಿಗೆ ಬಿತ್ತು. ಅಂಥದೇ ಇನ್ನೊಂದು ಇರಲಿಲ್ಲ. ಸಾವುಕಾರ ಬಂದವನೇ ಸೀರೆ ಎಳೆದುಕೊಂಡ.

"ಕುಂಕುಮ ಹಚ್ಚೀನ್ರಿ ಸಾವುಕಾರ್ರ" ಎಂದಳು ಅವ್ವ.

"ಹಚ್ಚಿದ ಕೂಡ್ಲೆ ನಿಂದಾತೇನ ಬೇ? ಏಳ್ರಿ, ಧಣ್ಯಾರಿಗಿ ಜಾಗಾ ಬಿಡ್ರಿ."

ಹೆಗಲ ಮೇಲಿನ ಟಾವೆಲ್ ತೆಗೆದು ಅಂಚನ್ನು ಝಾಡಿಸಿದ. ಕುಂಕುಮದ ಪುಡಿ ಅವ್ವನ ಉಡಿಯಲ್ಲಿ ಬಿತ್ತು. ಯಾರೋ ನಕ್ಕರು. ಅಕ್ಕನಿಗೆ ಒಂದು ಕಳೆಗೆಟ್ಟ ಹಳದಿ ಸೀರೆ ಬಂತು.

ಅಲ್ಲಿಂದ ಮುಂದೆ ಅವ್ವ ಯಾರ ಬಸ್ತಾದಲ್ಲೂ ಕುಂಕುಮ ಹಚ್ಚಲಿಲ್ಲ. ಓಣಿಯವರು ಕರೆದರೆ, "ನನ್ನ ಕೈ ಚಲೋ ಇಲ್ಲವ್ವಾ, ನೀವ ಹಚ್ರಿ" ಎಂದು ಹಿಂದೆ ಸರಿಯುತ್ತಿದ್ದಳು. ಅವನು ಮಾಡಿದ ಪಾಪಕ್ಕೆ ಇವಳು ತನ್ನ ಕೈಯನ್ನು ದೂರುತ್ತಿದ್ದಳು! ಅದನ್ನು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ನರ್ಸಿಂಗ್ ಕಲಿತು, ರಾಯಬಾಗದ ದವಾಖಾನೆಯಲ್ಲಿ ನೌಕರಿ ಹಿಡಿದ ಮೇಲೂ ಆ ಉರಿ ಆರಲಿಲ್ಲ. ಒಂದು ದಿನ ಅದೇ ಗಾದಿಯ ಮೇಲೆ ಕಾಲು ಮಡಚಿ ಕುಂತು, ಕಪಾಟಿನಲ್ಲಿರುವ ಸೀರೆಯನ್ನೆಲ್ಲ ಬಿಚ್ಚಿಸಿ, ಒಂದೂ ಚೆಂದಿಲ್ಲ ಎಂದು ಎದ್ದು ಬರಬೇಕು. ಅವ್ವ ಅದನ್ನು ಕಣ್ಣಾರೆ ನೋಡಬೇಕು. ನೋಡಿದ ಮೇಲೆ ನನ್ನ ಸೀರೆಗೆ ಅವಳೇ ಕುಂಕುಮ ಹಚ್ಚಬೇಕು. ಇದು ನನ್ನ ಲೆಕ್ಕಾಚಾರ.

ಆ ಮುಂಜಾನೆ ಅವ್ವನ ಜೊತೆ ಮಾರ್ಕೆಟ್ಟಿನ ಮುಂದೆ ನಿಂತಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಬಟ್ಟೆ ಅಂಗಡಿಯ ಶಟರ್ ಕೆಳಗಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಆ ತುದಿಯ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಆಡುಗಳು ಮಲಗಿದ್ದವು. ಬೋರ್ಡಿನ ಮೇಲಿನ ಕನ್ನಡ, ಮರಾಠಿ ಎರಡೂ ಅಕ್ಷರ ಉದುರಿದ್ದವು. ನಾನು ಬರುವ ತನಕ ತಡೆಯಬಾರದಿತ್ತೇ? ನನ್ನ ಕೈಯಿಂದ ಆಗಬೇಕಾದದ್ದು ತನ್ನಷ್ಟಕ್ಕೆ ತಾನೇ ಆಗಿಹೋಗಿತ್ತು.

ಉಳಿದಿದ್ದ ಬಳೆ ಅಂಗಡಿಯಾಕೆಯನ್ನು ಕೇಳಿದೆ.

"ಸಾವುಕಾರ್ರ ಮನ್ಯಾಗ ಅಣ್ಣತಮ್ಮರು ಪಾಲಾದ್ರವ್ವಾ. ಈ ಕಡೆ ಬಟ್ಟಿ ಹೋತು, ಆ ಕಡೆ ಪಾತ್ರಿ ಹೋತು, ನಡುವ ನಾವು ನೊಣಾ ಹೊಡ್ಕೋತ ಕುಂತೀವಿ. ಸಾವುಕಾರ್ರು ಅಲ್ಲೇ ಪಾವಟಗಿ ಬುಡಕ ಕುಂತಿರ್ತಾರ ನೋಡ್ರಿ."

ಸದ್ಯ, ಅವನಾದರೂ ಉಳಿದಿದ್ದ!

ಮೆಟ್ಟಿಲ ಕೆಳಗೆ ಒಂದು ಹಲಗೆ, ಅದರ ಮೇಲೆ ರವಿಕೆಯ ಖಣ, ಲಂಗದ ಬಟ್ಟೆ. ಪಕ್ಕದಲ್ಲಿ ಅವನು, ಹೆಗಲ ಮೇಲೆ ಅದೇ ಬಗೆಯ ಟಾವೆಲ್. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಸ್ಟೂಲು ಸರಿಸಿದ. ಕುಂತೆ. ಅವ್ವ ನಿಂತೇ ಇದ್ದಳು.

"ಅದನ್ನ ಬಿಚ್ರಿ. ಅದಲ್ಲ, ಅದರ ಬುಡಕಿಂದು. ಬಣ್ಣ ಹೋಗೈತಿ, ಬ್ಯಾರೆ ತಗೀರಿ" ಎಂದೆ.

ಹಲಗೆಯೆಲ್ಲ ಬಿಚ್ಚಿದ ಬಟ್ಟೆ. ಅವನಿಗೆ ಬೇಜಾರೇ ಇಲ್ಲ, ಹುರುಪೇ ಹೆಚ್ಚುತ್ತಿತ್ತು. ಮದುವೆಗೆಂದು ತಿಳಿದ ಕೂಡಲೇ ಗಂಟಿನಿಂದ ಒಂದು ಸೀರೆ ತೆಗೆದ, ಅಂಗಡಿ ಮುಚ್ಚುವಾಗ ಉಳಿದದ್ದಂತೆ. ಹಸಿರು, ಕೆಂಪು ಅಂಚು. ಚೆಂದಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮುಂದೆ ಬಂದು, ಬಸ್ತಾಕ್ಕೆಂದು ತಂದಿದ್ದ ಕುಂಕುಮದ ಭರಣಿಯನ್ನು ಸೊಂಟದಿಂದ ತೆಗೆದು, ಅಂಚಿಗೆ ಹಚ್ಚಿಬಿಟ್ಟಳು.

ನಾನು ದಂಗಾದೆ. ಅವನು ಹಲ್ಲು ಬಿಟ್ಟ. "ಆತ್ ಬಿಡ್ರಿ ಅಕ್ಕಾರ, ಕುಂಕುಮ ಬಿತ್ತಂದ ಮ್ಯಾಲ ಸೀರಿ ನಿಮ್ಮದ ಆತು."

"ಝಾಡಿಸು" ಎಂದಳು ಅವ್ವ. ಒಬ್ಬ ಸಾವುಕಾರನಿಗೆ ಅವಳು ಏಕವಚನದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಟಾವೆಲ್ ಐತಲ್ಲ ಹೆಗಲ ಮ್ಯಾಲ? ಆವತ್ತ ನನ್ನ ಹಿರಿ ಮಗಳ ಸೀರಿ ಝಾಡಿಸಿದ್ದಿ. ಇದನ್ನೂ ಝಾಡಿಸು."

"ಯಾವತ್ತ್ರಿ?"

ನಾನು ಎಲ್ಲಾ ಹೇಳಿದೆ, ಬಳೆಯಾಕೆಗೂ ಕೇಳುವ ಹಾಗೆ. ಅವನು ಹಣೆ ಉಜ್ಜಿಕೊಂಡ. "ಎಷ್ಟೋ ಮಂದಿ ಬರ್ತಿದ್ರು... ಖರೇನ ನೆನಪಿಲ್ರಿ."

ನೆನಪಿಲ್ಲವಂತೆ! ನಾವು ದಿನಾ ನುಂಗಿದ್ದು ಇವನಿಗೆ ನೆನಪೇ ಇಲ್ಲ. ಹಲಗೆಯನ್ನೇ ಒದೆಯಬೇಕೆನಿಸಿತು.

ಅವ್ವ ಮಾತ್ರ ದನಿ ಏರಿಸಲಿಲ್ಲ. "ಸೀರಿ ಯಾರದು ಹೇಳು."

"ನಿಮ್ಮದ ರೀ."

"ಇನ್ನೊಮ್ಮಿ ಅನ್ನು."

ತಲೆ ತಗ್ಗಿಸಿ ಇನ್ನೊಮ್ಮೆ ಅಂದ. ಅವ್ವ ಭರಣಿ ಮುಚ್ಚಿದಳು. "ಆತು. ನೀನ ಇಟ್ಕೋ" ಎಂದು ಹೊರಟೇಬಿಟ್ಟಳು.

"ಅಕ್ಕಾರ, ಕುಂಕುಮ ಬಿದ್ದದ್ದ ನಾ ಯಾರಿಗಿ ಮಾರ್ಲಿ?" ಎಂದು ಹಿಂದಿನಿಂದ ಕೂಗಿದ.

"ಧಣ್ಯಾರಿಗಿ ಮಾರ್ರಿ" ಎಂದೆ. ಪಾಪ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ.

ಮಧ್ಯಾಹ್ನ ಬೀಗರು ಬಂದರು, ಸ್ಟ್ಯಾಂಡಿನ ಹತ್ತಿರದ ಹೊಸ ಅಂಗಡಿಗೆ ಹೋದೆವು. ನನ್ನ ಸೀರೆ ಒಪ್ಪಿಗೆಯಾಯಿತು. ಕುಂಕುಮ ಹಚ್ಚಲು ಕರೆದಾಗ ಅವ್ವ ಹಿಂದೆ ಸರಿಯಲಿಲ್ಲ. ಗೆದ್ದೆ ಎಂದುಕೊಂಡೆ. ಅಂಗಡಿಯವನು ಸೀರೆ ಮಡಚಲು ಬಂದು, "ಕೈ ತಗೀರಿ ಅಜ್ಜಿ, ಘಡಿ ಮಾಡ್ತೀನಿ" ಎಂದ. ಅವ್ವ ಕೈ ತೆಗೆಯಲಿಲ್ಲ. ಅಂಗೈಯನ್ನು ಸೀರೆಯ ಮೇಲೆ ಒತ್ತಿ ಹಿಡಿದು, ಯಾರಾದರೂ ಧಣಿಗಳು ಒಳಗೆ ಬಂದಾರೋ ಎಂದು ಬಾಗಿಲನ್ನೇ ನೋಡುತ್ತಿದ್ದಳು.